ಅಡಿಗೆಮನೆಯ ಹಿಂಬಾಗಿಲು

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ನಾಲ್ಕು ಮಾತು ಬರೆದುಕೊಡಬೇಕೆಂಬುದು ಹಿಂದಿನಿಂದ ನಡೆದುಬಂದ ವಾಡಿಕೆ. ನನಗಿಂತ ಮುಂಚಿನವರು ವಿದ್ಯೆಯ ಮಹತ್ವ, ಸಮಯಪಾಲನೆ, ಸ್ತ್ರೀಯರ ಕರ್ತವ್ಯ ಮುಂತಾದ ಘನ ವಿಷಯಗಳನ್ನು ಕುರಿತು ಬರೆದಿದ್ದಾರೆ. ನಾನಾದರೋ ಈ ಸಾರಿ ನಮ್ಮ ಬೋರ್ಡಿಂಗಿನ ಅಡಿಗೆಮನೆಯ ವಿಷಯವಾಗಿ ಬರೆಯಲು ಕುಳಿತಿದ್ದೇನೆ. ವಾಚಕರು ನಗದಿರಲಿ. ಇದರಲ್ಲಿ ನನ್ನದೇ ಒಂದೆರಡು ತಪ್ಪುಗಳ ಒಪ್ಪಿಗೆಯೂ ಸೇರಿದೆ.

2025ನೆಯ ಇಸವಿ ಜೂನ್ ತಿಂಗಳು. ಶಾಲೆ ತೆರೆದು ಕೆಲವೇ ದಿನಗಳಾಗಿದ್ದುವು. ಒಂದು ರಾತ್ರಿ ಪ್ರಾರ್ಥನೆ ಮುಗಿದು ದೀಪ ಆರಿಸಿದ ತರುವಾಯ ಮೇಟ್ರನ್‌ರವರು ಎಂಟನೆಯ ತರಗತಿಯ ಒಬ್ಬ ಹುಡುಗಿಯನ್ನು ಕೈಹಿಡಿದು ನನ್ನ ಕೋಣೆಗೆ ಕರೆತಂದರು. ಅವಳ ಹೆಸರನ್ನೂ ಊರನ್ನೂ ಇಲ್ಲಿ ಬರೆಯಲಾರೆ. ಅವಳ ಅಪರಾಧವೆಂದರೆ ಅಡಿಗೆಮನೆಯಲ್ಲಿ ಸಿಕ್ಕಿಬಿದ್ದುದು. ಅದೂ ಆ ವಾರದಲ್ಲಿ ಮೂರನೆಯ ಸಾರಿ. ಬೋರ್ಡಿಂಗಿನ ಹುಡುಗಿಯರು ಅಡಿಗೆಮನೆಯೊಳಗೆ ಕಾಲಿಡಬಾರದೆಂಬ ನಿಯಮ ನಮ್ಮಲ್ಲಿದೆ. ಆ ನಿಯಮವನ್ನು ಮಾಡಿದವಳು ನಾನೇ. ಕೆಲವು ವರ್ಷಗಳ ಹಿಂದೆ ಒಬ್ಬಳ ಕೈಮೇಲೆ ಕುದಿಯುವ ಗಂಜಿಯ ತಿಳಿ ಚೆಲ್ಲಿ, ಅವಳ ತಂದೆಯವರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗಿ ಬಂದ ದಿನ ಅದನ್ನು ಬರೆದು ಗೋಡೆಗೆ ಅಂಟಿಸಿದೆನು.

ಈ ಹುಡುಗಿಯ ತಾಯಿ ಇಸ್ರೇಲ್ ದೇಶದಲ್ಲಿ ಒಬ್ಬ ವೃದ್ಧೆಯ ಆರೈಕೆಯ ಕೆಲಸದಲ್ಲಿದ್ದವಳು. ಮಂಗಳೂರು, ಉಡುಪಿ ಕಡೆಯ ಅನೇಕರು ಈ ಕೆಲಸಕ್ಕಾಗಿ ಅಲ್ಲಿಗೆ ಹೋಗಿರುವುದು ಎಲ್ಲರಿಗೂ ತಿಳಿದ ಸಂಗತಿ. ಆ ಜೂನ್ 13ರಂದು ಇಸ್ರೇಲಿಗೂ ಇರಾನಿಗೂ ಯುದ್ಧ ಹತ್ತಿಕೊಂಡಿತು, 24ರವರೆಗೆ ನಡೆಯಿತು. ರಾತ್ರಿಯ ಹೊತ್ತು ಕ್ಷಿಪಣಿಗಳು ಬೀಳುವ ಚಿತ್ರಗಳು ಎಲ್ಲರ ಮೊಬೈಲಿನಲ್ಲಿಯೂ ಓಡಾಡುತ್ತಿದ್ದುವು. ಹುಡುಗಿ ದಿನಕ್ಕೊಮ್ಮೆ ತಾಯಿಯ ಮುಖ ನೋಡಿ ಮಾತಾಡುವಂತೆ ನಾವು ವಿಶೇಷ ಅಪ್ಪಣೆ ಕೊಟ್ಟಿದ್ದೆವು. ಸೈರನ್ ಕೂಗಿದೊಡನೆ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ರಕ್ಷಣೆಯ ಕೋಣೆಗೆ ತಳ್ಳಿಕೊಂಡು ಹೋಗುತ್ತೇನೆಂದು ತಾಯಿ ನಗುನಗುತ್ತಾ ಹೇಳುತ್ತಿದ್ದಳಂತೆ. ಇಷ್ಟೆಲ್ಲಾ ಸೌಕರ್ಯ ಮಾಡಿಕೊಟ್ಟ ಮೇಲೂ ನಿಯಮ ಮೀರುವುದೇಕೆ ಎಂಬುದು ಅಂದು ನನ್ನ ಸಿಟ್ಟು.

"ನಿಯಮ ಎಲ್ಲರಿಗೂ ಒಂದೇ ಅಲ್ಲವೇ? ಅಲ್ಲಿ ನಿನಗೇನು ಕೆಲಸ?" ಎಂದು ಗದರಿಸಿದೆನು.

ಅವಳು ಬಹಳ ಹೊತ್ತು ಸುಮ್ಮನಿದ್ದು, "ಅಲ್ಲಿ ಯಾರೂ ನನ್ನನ್ನು ಕೇಳುವುದಿಲ್ಲ, ಟೀಚರ್" ಎಂದಳು.

"ಏನು ಕೇಳುವುದಿಲ್ಲ?"

"ಹೇಗಿದ್ದೀ ಅಂತ."

ಅವಳನ್ನು ಮಲಗಲು ಕಳುಹಿಸಿ ಬಾಗಿಲು ಹಾಕಿಕೊಂಡೆನು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಮೂವತ್ತೈದು ವರ್ಷಗಳ ಹಿಂದೆ ಇದೇ ಬೋರ್ಡಿಂಗಿನಲ್ಲಿ ಇದೇ ಮಾತನ್ನು ಹೇಳಬೇಕೆಂದು ಬಾಯಿಯವರೆಗೆ ತಂದು ನುಂಗಿದ ಹುಡುಗಿ ಒಬ್ಬಳಿದ್ದಳು. ಅವಳು ನಾನೇ.

1990ರಲ್ಲಿ ನನಗೆ 11 ವರ್ಷ. ಆರನೆಯ ತರಗತಿಯಲ್ಲಿದ್ದೆನು. ತಂದೆಯವರು ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ನರ್ಸ್ ಕೆಲಸ ಕಲಿತಿದ್ದ ಅಮ್ಮ, ಮನೆಯ ಸಾಲಕ್ಕೆ ಬೇರೆ ದಾರಿ ಕಾಣದೆ, 1988ರಲ್ಲಿ ನನ್ನನ್ನು ಬೋರ್ಡಿಂಗಿಗೆ ಸೇರಿಸಿ ಕುವೈತಿಗೆ ಹೋದಳು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ (ಉಡುಪಿ ಇನ್ನೂ ಬೇರೆಯಾಗಿರಲಿಲ್ಲ) ಕೊಲ್ಲಿಗೆ ಹೋದವರಿಲ್ಲದ ಕೇರಿಯೇ ಅಪೂರ್ವವಾಗಿತ್ತು. ತಿಂಗಳಿಗೊಂದು ನೀಲಿ ಏರ್‌ಮೈಲ್ ಕಾಗದ ಬರುತ್ತಿತ್ತು. ಬರೆಯಲು ಹೊತ್ತು ಸಾಲದವರು ಮಾತನ್ನೇ ಕ್ಯಾಸೆಟ್ಟಿನಲ್ಲಿ ತುಂಬಿ ಕಳುಹಿಸುವ ಪದ್ಧತಿಯೂ ಆಗ ಇತ್ತು. 1990ರ ಬೇಸಿಗೆಯಲ್ಲಿ ಯಾರೋ ಊರಿಗೆ ಬರುವವರ ಕೈಯಲ್ಲಿ ಅಮ್ಮ ಅಂಥದೊಂದು ಕ್ಯಾಸೆಟ್ಟನ್ನು ಕಳುಹಿಸಿದ್ದಳು. ಆದರೆ ಬೋರ್ಡಿಂಗಿನಲ್ಲಿ ಅದನ್ನು ಹಾಕಿ ಕೇಳುವ ಯಂತ್ರವಿರಲಿಲ್ಲ. ನಾನು ಅದನ್ನು ತಲೆದಿಂಬಿನ ಚೀಲದೊಳಗೆ ಇಟ್ಟು ಮಲಗುತ್ತಿದ್ದೆನು.

ಆಗಸ್ಟ್ 2, ಗುರುವಾರ. ಅಂದು ಬೆಳಗಾಗುವ ಮುಂಚೆ ಇರಾಕಿನ ಸೈನ್ಯ ಕುವೈತಿನೊಳಕ್ಕೆ ನುಗ್ಗಿತು. ನಮಗೆ ಅದು ತಿಳಿದದ್ದು ಮರುದಿನ, ವಾರ್ಡನ್‌ರವರು ಪತ್ರಿಕೆಯನ್ನು ಮಡಿಸಿ ತಮ್ಮ ಮೇಜಿನ ಖಾನೆಯೊಳಗೆ ಇಟ್ಟಾಗ. ಅವರು ಪತ್ರಿಕೆಯನ್ನು ಬಚ್ಚಿಟ್ಟಿದ್ದು ಅದೇ ಮೊದಲು. ಮಕ್ಕಳ ಕಣ್ಣಿಗೆ ಅಂಥದು ಬೀಳದೆ ಹೋಗುತ್ತದೆಯೇ? ಟೆಲಿಫೋನು ತಂತಿ ಕಡಿದುಹೋಯಿತು. ಟಪಾಲು ನಿಂತಿತು. ಆ ದೇಶದಲ್ಲಿ ಆಗ ಭಾರತೀಯರು ಒಂದೂವರೆ ಲಕ್ಷಕ್ಕೂ ಮೇಲೆ ಇದ್ದರೆಂದು ಪತ್ರಿಕೆಗಳು ಬರೆದುವು. ನನಗೆ ಅವರಲ್ಲಿ ಒಬ್ಬಳ ಲೆಕ್ಕ ಮಾತ್ರ ಬೇಕಾಗಿತ್ತು.

ಬೋರ್ಡಿಂಗಿನವರೆಲ್ಲರೂ ನನ್ನ ವಿಷಯದಲ್ಲಿ ಬಹಳ ದಯೆ ತೋರಿಸಿದರು. ಅದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ತಾಯಿಯ ಹೆಸರು ಹೇಳಿ ಬೇಡಿಕೊಂಡರು. ಹಿರಿಯ ಹುಡುಗಿಯರು ತಮ್ಮ ತಿಂಡಿಯಲ್ಲಿ ಪಾಲು ಕೊಟ್ಟರು. ಟೀಚರರು ದಾರಿಯಲ್ಲಿ ನಿಲ್ಲಿಸಿ ತಲೆ ಸವರಿ, "ಹೇಗಿದ್ದೀ ಮಗಾ? ಧೈರ್ಯವಾಗಿದ್ದೀಯಲ್ಲಾ?" ಎಂದು ಕೇಳಿದರು. ಕೇಳಿದವರಿಗೆಲ್ಲಾ ಧೈರ್ಯವಾಗಿದ್ದೇನೆಂದು ಹೇಳಬೇಕಾಗುತ್ತಿತ್ತು. ಹಾಗೆ ಹೇಳದಿದ್ದರೆ ಅವರ ಮುಖ ಸಣ್ಣದಾಗುತ್ತಿತ್ತು. ಸಮಾಧಾನ ಹೇಳಿಸಿಕೊಳ್ಳುವವಳಿಗೆ ಸಮಾಧಾನಗೊಂಡಂತೆ ಕಾಣಿಸಿಕೊಳ್ಳುವ ಕೆಲಸವೊಂದು ಅಂಟಿಕೊಳ್ಳುತ್ತದೆಂದು ದೊಡ್ಡವರಿಗೆ ತಿಳಿಯದು. ದೊಡ್ಡವಳಾದ ಮೇಲೆ ನನಗೂ ಮರೆತುಹೋಯಿತು.

ಹೀಗೆ ದಿನವಿಡೀ ಧೈರ್ಯವಾಗಿದ್ದು ಬಳಲಿದ ಒಂದು ಸಂಜೆ ನಾನು ಅಡಿಗೆಮನೆಯ ಹಿಂಬಾಗಿಲಿನ ಮೆಟ್ಟಿಲಲ್ಲಿ ಹೋಗಿ ಕುಳಿತೆನು. ಅಲ್ಲಿ ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಯಾಕೆಂದರೆ ಅದು 'ಮೆಣಸಕ್ಕ'ನ ರಾಜ್ಯ. ಅಡಿಗೆಗೆ ಸಹಾಯಕ್ಕಿದ್ದ ಆ ಹೆಂಗಸಿಗೆ ಹುಡುಗಿಯರು ಮರೆಯಲ್ಲಿ ಇಟ್ಟ ಹೆಸರು ಅದು. ನಾಲಗೆ ಅಷ್ಟು ಖಾರ. ಎರಡನೆಯ ಸಾರಿ ಸಾರು ಕೇಳಿದರೆ ಸೌಟು ತೋರಿಸುತ್ತಿದ್ದಳು. ಆಕೆ ನನ್ನನ್ನು ನೋಡಿದಳು, ಏನೂ ಕೇಳಲಿಲ್ಲ. ಒಳಗೆ ಹೋಗಿ, ಕೆಮ್ಮಣ್ಣು ಮೆತ್ತಿ ಮಳೆಗಾಲಕ್ಕೆಂದು ತೆಗೆದಿಟ್ಟಿದ್ದ ಹಲಸಿನ ಬೀಜಗಳನ್ನು ಒಂದು ಮೊರದಲ್ಲಿ ತಂದು ನನ್ನ ತೊಡೆಯ ಮೇಲೆ ಇಟ್ಟು, ಸಿಪ್ಪೆ ತೆಗೆಯುವಂತೆ ಸನ್ನೆ ಮಾಡಿದಳು. ನಾನು ತೆಗೆದೆನು. ಕತ್ತಲಾಯಿತು. ಮಾಡಿನ ಹಂಚಿನ ಮೇಲೆ ಆಟಿ ತಿಂಗಳ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ನಾನು ಅಳುತ್ತಿದ್ದೆನೆಂದು ಆಕೆಗೆ ಕಾಣದಿರಲಿಲ್ಲ. "ಬೀಜಕ್ಕೆ ಉಪ್ಪು ನಾನು ಹಾಕುತ್ತೇನೆ, ನೀನು ಹಾಕಬೇಡ" ಎಂದು ತುಳುವಿನಲ್ಲಿ ಗೊಣಗಿದಳು. ಅದು ಹಾಸ್ಯವೆಂದು ನನಗೆ ತಿಳಿದದ್ದು ಹಾಸಿಗೆಯಲ್ಲಿ ಮಲಗಿದ ಮೇಲೆ.

ಮರುದಿನವೂ ಹೋದೆನು. ಕುಚ್ಚಲಕ್ಕಿಯ ಕಲ್ಲು ಆರಿಸಿದೆನು. ಮೂರನೆಯ ದಿನ ತೆಂಗಿನಕಾಯಿ ತುರಿಯಲು ಕೊಟ್ಟಳು. ಕೈ ತಾಗಿಸಿಕೊಂಡು ಬೈಸಿಕೊಂಡೆನು. ಬೈಗಳು ನನಗೆ ಎಷ್ಟು ಹಿತವಾಗಿತ್ತೆಂದು ಹೇಳಲಾರೆ! ಇಡೀ ಬೋರ್ಡಿಂಗಿನಲ್ಲಿ ಬೇರೆ ಹುಡುಗಿಯರಂತೆ ನನ್ನನ್ನೂ ಬೈಯುತ್ತಿದ್ದವಳು ಆಕೆ ಒಬ್ಬಳೇ. ಕುವೈತಿನ ವಿಷಯವಾಗಿ ಆಕೆ ಒಂದೇ ಒಂದು ಸಾರಿ ಕೇಳಿದಳು: ಅದು ಬೊಂಬಾಯಿಗಿಂತ ಆಚೆಯೋ ಈಚೆಯೋ ಎಂದು. ಆಚೆ, ಸಮುದ್ರದಾಚೆ ಎಂದೆನು. "ಹಾಗಾದರೆ ಬರಲು ಹೊತ್ತಾಗುತ್ತದೆ" ಎಂದು ಹೇಳಿ ಒಲೆ ಊದಲು ಕುಳಿತಳು.

ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಮನಶ್ಶಾಸ್ತ್ರ ಕಲಿಸುವಾಗ ಒಂದು ವೃತ್ತಾಂತ ಹೇಳಿದ್ದರು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ತೆರೆಝೀನಿನ ಸೆರೆಶಿಬಿರದಿಂದ ಬದುಕಿ ಉಳಿದ, ಮೂರು ವರ್ಷದ ಆಸುಪಾಸಿನ ಆರು ಮಂದಿ ಯೆಹೂದಿ ಅನಾಥ ಮಕ್ಕಳನ್ನು ಇಂಗ್ಲೆಂಡಿಗೆ ತಂದು ಒಂದು ಹಳ್ಳಿಮನೆಯಲ್ಲಿ ಇರಿಸಿದರಂತೆ. ಆನಾ ಫ್ರಾಯ್ಡ್ ಎಂಬ ವಿದುಷಿ ತನ್ನ ಸಹಾಯಕಿಯೊಡನೆ ಅವರ ಚರಿತ್ರೆಯನ್ನು 1951ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಪ್ರೀತಿಯಿಂದ ಬಂದ ದೊಡ್ಡವರನ್ನು ಹತ್ತಿರ ಸೇರಿಸಲಿಲ್ಲ. ಕೊಟ್ಟ ಆಟಿಕೆಗಳನ್ನು ಮುರಿದರು. ಆದರೆ ಆರು ಮಂದಿಯಲ್ಲಿ ಒಬ್ಬನನ್ನು ಕ್ಷಣಮಾತ್ರ ಅಗಲಿಸಿದರೂ ಉಳಿದವರು ಸಹಿಸರು. ಊಟಕ್ಕೆ ಕುಳಿತರೆ ತನ್ನ ತಟ್ಟೆಗಿಂತ ಮುಂಚೆ ಪಕ್ಕದವನ ತಟ್ಟೆ ನೋಡುವರು. ಕಾಲಕ್ರಮದಲ್ಲಿ ದೊಡ್ಡವರನ್ನೂ ಹಚ್ಚಿಕೊಂಡರು. ಆದರೆ ಅದು ತಮ್ಮ ಗುಂಪು ಇದ್ದುದರ ಮೇಲೆ. ಈ ಪಾಠವನ್ನು ಪರೀಕ್ಷೆಗೆ ಚೆನ್ನಾಗಿ ಬರೆದು ಅಂಕ ಪಡೆದಿದ್ದೇನೆ. ಹಾಗಿದ್ದೂ ಆ ಜೂನ್ ರಾತ್ರಿ ಅದು ನನ್ನ ಉಪಯೋಗಕ್ಕೆ ಬರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನೊಬ್ಬಳ ವಿಷಯ ಹೇಳಬೇಕು. ನನ್ನ ಬೆಂಚಿನಲ್ಲಿಯೇ ಒಬ್ಬ ಬ್ಯಾರಿ ಹುಡುಗಿ ಕೂರುತ್ತಿದ್ದಳು. ಮನೆಯಿಂದ ನಡೆದುಬರುವವಳು. ಅವಳಿಗೂ ನನಗೂ ಮಾತಿರಲಿಲ್ಲ. ನಾನು ಅವಳ ಲೆಕ್ಕ ನೋಡಿ ಬರೆದೆನೆಂದು ಟೀಚರರಿಗೆ ಚಾಡಿ ಹೇಳಿದ್ದಳು. ಹೇಳಿದ್ದು ನಿಜವಾಗಿದ್ದುದರಿಂದ ನನ್ನ ದ್ವೇಷ ಮತ್ತಷ್ಟು ಬಲವಾಗಿತ್ತು. ಆಗಸ್ಟಿನ ಎರಡನೆಯ ವಾರದಲ್ಲಿ ಒಂದು ದಿನ ಅವಳು ಪುಸ್ತಕದಿಂದ ತಲೆಯೆತ್ತದೆ, "ನನ್ನ ಉಪ್ಪನೂ ಅಲ್ಲೇ ಇರುವುದು. ಹೊಲಿಗೆ ಅಂಗಡಿ" ಎಂದಳು. ಅಷ್ಟೇ. ಅಂದಿನಿಂದ ಅವಳು ದಿನವೂ ತಮ್ಮ ಮನೆಗೆ ಬರುತ್ತಿದ್ದ ಉದಯವಾಣಿಯಿಂದ ಕತ್ತರಿಸಿದ ತುಂಡುಗಳನ್ನು ಲೆಕ್ಕದ ಪುಸ್ತಕದೊಳಗೆ ಇಟ್ಟು ತರತೊಡಗಿದಳು. ವಾರ್ಡನ್‌ರವರು ಮೇಜಿನ ಖಾನೆಯಲ್ಲಿ ಬಚ್ಚಿಟ್ಟದ್ದನ್ನು ನಾನು ಮೂರನೆಯ ಪೀರಿಯಡಿನಲ್ಲಿ ಬೆಂಚಿನ ಕೆಳಗೆ ಓದುತ್ತಿದ್ದೆನು. ವಿದೇಶಾಂಗ ಮಂತ್ರಿ ಗುಜ್ರಾಲರು ಬಾಗ್ದಾದಿಗೆ ಹೋದುದು, ಕುವೈತಿನಿಂದ ಜನರು ಬಸ್ಸುಗಳಲ್ಲಿ ಬಾಗ್ದಾದಿಗೂ ಅಲ್ಲಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚಿನ ಮರುಭೂಮಿಯ ದಾರಿಯಲ್ಲಿ ಜೋರ್ಡಾನಿನ ಅಮ್ಮಾನಿಗೂ ಬರುತ್ತಿದ್ದುದು, ಗಡಿಯ ಡೇರೆಗಳಲ್ಲಿ ನೀರಿಗಾಗಿ ಸಾಲು ನಿಂತುದು, ಏರ್ ಇಂಡಿಯಾದ ವಿಮಾನಗಳು ಅವರನ್ನು ಬೊಂಬಾಯಿಗೆ ತರತೊಡಗಿದುದು, ಎಲ್ಲವನ್ನೂ ನಾನು ತಿಳಿದದ್ದು ಆ ತುಂಡುಗಳಿಂದ. ಅಕ್ಟೋಬರಿನವರೆಗೆ ಐನೂರಕ್ಕೆ ಸಮೀಪವಾಗುವಷ್ಟು ಹಾರಾಟಗಳಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜನರು ಬಂದರು. ಕೆಟ್ಟ ಸುದ್ದಿಯಾದರೂ ಸುದ್ದಿ ಇದ್ದ ದಿನ ನಾನು ಊಟ ಮಾಡುತ್ತಿದ್ದೆನು. ಇಲ್ಲದ ದಿನ ಊಟ ಸೇರುತ್ತಿರಲಿಲ್ಲ.

ಅವಳ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ವಾರ್ಡನ್‌ರವರು ಶನಿವಾರ ಮಧ್ಯಾಹ್ನ ಎರಡು ಗಂಟೆಯ ಅಪ್ಪಣೆ ಕೊಟ್ಟರು. (ಆ ಕಾಲಕ್ಕೆ ಅದು ಸಣ್ಣ ಅಪ್ಪಣೆಯಲ್ಲ. ಇಂದು ಅಂಥದನ್ನು ಕೊಡಬೇಕಾದರೆ ನಾನು ಎಷ್ಟು ಕಾಗದಗಳಿಗೆ ಸಹಿ ಮಾಡಿಸಬೇಕು!) ತಲೆದಿಂಬಿನ ಕ್ಯಾಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದೆನು. ಅವಳ ಉಮ್ಮ ನನಗೆ ಅಕ್ಕಿಯ ಪತ್ತಿರ್ ಕೊಟ್ಟು, ಯಂತ್ರದ ಗುಂಡಿ ಒತ್ತಿ, ತಾವು ಒಳಗೆ ಹೋದರು. ಅಮ್ಮನ ಸ್ವರ ಬಂತು. ಹಿಂದೆ ಯಾವುದೋ ಯಂತ್ರದ ಗುಂಯ್ ಸದ್ದು. ಪ್ರೀತಿಯ ಮಾತು ಅದರಲ್ಲಿ ಹೆಚ್ಚೇನೂ ಇರಲಿಲ್ಲ. "ತಲೆಗೆ ಎಣ್ಣೆ ಹಾಕುತ್ತೀಯೋ ಇಲ್ಲವೋ? ಒದ್ದೆ ಬಟ್ಟೆ ಹಾಕಬೇಡ. ಮಳೆಯಲ್ಲಿ ಬಂದ ಮೇಲೆ ಬೆರಳ ಸಂದಿ ಒರಸಿಕೋ. ಅಜ್ಜಿಗೆ ಕಾಗದ ಬರೆ, ಅಕ್ಷರ ದೊಡ್ಡದಾಗಿ ಬರೆ." ಹೀಗೆಯೇ ಅರ್ಧ ಗಂಟೆ. ನಾವಿಬ್ಬರೂ ಯಂತ್ರದ ಎರಡು ಬದಿಗೆ ಕುಳಿತು ಕೇಳಿದೆವು. ಮುಗಿದೊಡನೆ ಅವಳು ಒಂದು ಮಾತೂ ಆಡದೆ ಅದನ್ನು ತಿರುಗಿಸಿ ಮೊದಲಿನಿಂದ ಹಾಕಿದಳು. ನಾಲ್ಕು ಶನಿವಾರ ಹೀಗೆ ನಡೆಯಿತು. ಕ್ಯಾಸೆಟ್ಟನ್ನು ಅವಳ ಮನೆಯಲ್ಲಿಯೇ ಬಿಟ್ಟುಬರುತ್ತಿದ್ದೆನು. ಒದ್ದೆ ಗೋಡೆಯ ಬೋರ್ಡಿಂಗಿನಲ್ಲಿ ಅದಕ್ಕೆ ಬೂಸಲು ಹಿಡಿದೀತೆಂಬುದು ಅವಳ ಭಯ.

ಸೆಪ್ಟೆಂಬರಿನ ನಡುವಿನಲ್ಲಿ ಅವಳ ತಂದೆ ಬಂದರು. ನನಗೆ ಅವಳು ಹೇಳಲಿಲ್ಲ. ಎಂದಿನಂತೆ ತುಂಡುಗಳನ್ನು ತಂದಳು, ಎಂದಿನಂತೆ ಮುಖ ಬಾಡಿಸಿಕೊಂಡು ಕುಳಿತಳು. ಆರು ದಿನಗಳ ಮೇಲೆ ಬೇರೊಬ್ಬ ಹುಡುಗಿಯ ಬಾಯಿಂದ ನನಗೆ ತಿಳಿಯಿತು. ನಾನು ಅವಳನ್ನು ಬಾವಿಕಟ್ಟೆಯ ಹತ್ತಿರ ಹಿಡಿದು ನಿಲ್ಲಿಸಿ ಯಾಕೆ ಹೇಳಲಿಲ್ಲವೆಂದು ಕೇಳಿದೆನು. "ನಿನ್ನಮ್ಮನೂ ಬರಲಿ, ಒಟ್ಟಿಗೇ ಹೇಳುವಾ ಅಂತ ಇದ್ದೆ" ಎಂದಳು. ಹನ್ನೊಂದು ವರ್ಷದ ಹುಡುಗಿ ತಂದೆ ಬಂದ ಸಂತೋಷವನ್ನು ಆರು ದಿನ ಬಚ್ಚಿಟ್ಟು, ನನ್ನ ಸಲುವಾಗಿ ದುಃಖದ ಮುಖ ಹೊತ್ತು ಕುಳಿತಿದ್ದಳೆಂಬುದು ಇಂದು ನನಗೆ ಕಾಣುತ್ತದೆ. ಅಂದು ಕಂಡದ್ದು ಇಷ್ಟೇ: ಅವಳ ತಂದೆ ಬಂದರು, ನನ್ನ ತಾಯಿ ಬರಲಿಲ್ಲ. ನಾನು ಟೀಚರರನ್ನು ಬೇಡಿಕೊಂಡು ಬೇರೆ ಬೆಂಚಿಗೆ ಹೋದೆನು. ಅವಳು ತಂದ ತುಂಡುಗಳನ್ನು ಹಿಂದಿರುಗಿಸಿದೆನು. ಅವಳೊಡನೆ ಮಾತು ಬಿಟ್ಟೆನು.

ಹೀಗೆ ಒಂದು ವಾರ ಕಳೆದ ಮೇಲೆ ಬೊಂಬಾಯಿಯಿಂದ ತಂತಿ ಬಂತು. ತಲುಪಿದ್ದೇನೆ, ಬರುತ್ತೇನೆ ಎಂಬಷ್ಟೇ ಅದರ ಅರ್ಥ. ನಾನು ಅದನ್ನು ಹಿಡಿದುಕೊಂಡು ಓಡಿದ್ದು ಪ್ರಾರ್ಥನೆಯ ಕೋಣೆಗಲ್ಲ, ಅಡಿಗೆಮನೆಗೆ. ಮೆಣಸಕ್ಕ ಕೈ ಒರಸಿಕೊಂಡು, ಓದು ಬಾರದಿದ್ದರೂ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಒಣಮೆಣಸಿನ ಡಬ್ಬಿಯ ಕೆಳಗೆ ಭದ್ರವಾಗಿ ಇಟ್ಟಳು. ಮರುದಿನ ಆ ಬ್ಯಾರಿ ಹುಡುಗಿ ನನ್ನ ಬೆಂಚಿನ ಹತ್ತಿರ ಬಂದು, ಕರವಸ್ತ್ರದಲ್ಲಿ ಸುತ್ತಿದ ಕ್ಯಾಸೆಟ್ಟನ್ನು ಇಟ್ಟು ಹೋದಳು. ನಾನು ತಲೆ ಎತ್ತಲಿಲ್ಲ.

ಆಗ ಕೊಂಕಣ ರೈಲು ಇರಲಿಲ್ಲ. ಅಮ್ಮ ಬೊಂಬಾಯಿಯಿಂದ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಬಂದಳು. ಮಳೆ ಹನಿಯುತ್ತಿದ್ದ ಬೆಳಗು. ಯಾರದೋ ಸೀರೆ ಉಟ್ಟಿದ್ದಳು. ಕೆನ್ನೆಯ ಎಲುಬು ಎದ್ದಿತ್ತು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಹೆಗಲ ಮೇಲೆ ಡೇರೆಯಲ್ಲಿ ಕೊಟ್ಟ ಬೂದುಬಣ್ಣದ ಕಂಬಳಿ. ಎರಡು ವರ್ಷದ ದುಡಿಮೆಯಲ್ಲಿ ಉಳಿದದ್ದು ಅಷ್ಟು. ನಾನು ಎರಡು ತಿಂಗಳಿಂದ ಕಾಯುತ್ತಿದ್ದುದು ಇವಳನ್ನೇ. ಆದರೂ ಅವಳು ಅಂಗಳದಲ್ಲಿ ನಿಂತು ಕೈ ಚಾಚಿದಾಗ ನಾನು ಮೆಣಸಕ್ಕನ ಹಿಂದೆ ಅಡಗಿ ಆಕೆಯ ಸೆರಗನ್ನು ಎರಡು ಕೈಯಲ್ಲಿಯೂ ಹಿಡಿದುಕೊಂಡೆನು. ಯಾಕೆಂದು ಇಂದಿಗೂ ಹೇಳಲಾರೆ. ಅಮ್ಮನ ಚಾಚಿದ ಕೈ ಹಾಗೆಯೇ ನಿಂತಿತು.

"ಪೋಲ ಮಗಾ, ಅಪ್ಪೆ ಬತ್ತೆರ್" ಎಂದು ಹೇಳಿ, ಹೋಗೆಂದು ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ನೂಕಿದವಳು ಮೆಣಸಕ್ಕನೇ. ನೂಕಿದ ಕೈ ನಡುಗುತ್ತಿತ್ತು.

ಆ ದಿನ ಅಮ್ಮ ಗಂಜಿ ಉಂಡದ್ದು ಅಡಿಗೆಮನೆಯಲ್ಲಿಯೇ, ನೆಲದ ಮೇಲೆ ಕುಳಿತು. ಇಬ್ಬರೂ ಏನು ಮಾತಾಡಿದರೋ ನನಗೆ ತಿಳಿಯದು. ನನ್ನನ್ನು ನೀರು ತರಲು ಕಳುಹಿಸಿದ್ದರು. ಹಿಂದಿರುಗಿ ಬಂದಾಗ ಬೂದುಕಂಬಳಿ ಮೆಣಸಕ್ಕನ ಚಾಪೆಯ ಮೇಲೆ ಮಡಿಸಿ ಇಟ್ಟಿತ್ತು. ಆಕೆ ಕೆಲಸ ಬಿಟ್ಟು ಹೋಗುವವರೆಗೂ ಮಳೆಗಾಲದಲ್ಲಿ ಅದನ್ನೇ ಹೊದೆಯುತ್ತಿದ್ದಳು.

1991ರ ಫೆಬ್ರವರಿಯಲ್ಲಿ ಕುವೈತು ಬಿಡುಗಡೆಯಾಯಿತು. 1992ರಲ್ಲಿ ಅಮ್ಮ ಪುನಃ ಅಲ್ಲಿಗೇ ಹೋದಳು. ಸಾಲ ಹಾಗೆಯೇ ಇತ್ತಲ್ಲಾ. ನಾನು ಪುನಃ ಹಿಂಬಾಗಿಲ ಮೆಟ್ಟಿಲಿಗೆ ಹೋದೆನು. ಎಷ್ಟೋ ವರ್ಷಗಳ ಮೇಲೆ, ಕಾಯಿಲೆಯಲ್ಲಿ ಮಲಗಿದ್ದಾಗ, ಅಮ್ಮ ತಾನಾಗಿಯೇ ಆ ಬೆಳಗಿನ ಮಾತು ತೆಗೆದಳು. "ಮರುಭೂಮಿಯಲ್ಲಿ ನನಗೆ ಅಷ್ಟು ಕಷ್ಟವಾಗಲಿಲ್ಲ. ನೀನು ಅವಳ ಸೆರಗು ಹಿಡಿದದ್ದು ನೋಡಿ ಆಯಿತು" ಎಂದಳು. ನಾನು ಏನು ಹೇಳಲಿ? ಸ್ವಲ್ಪ ಹೊತ್ತು ಬಿಟ್ಟು, "ಆ ಕಂಬಳಿ ಒಳ್ಳೆಯ ಕಂಬಳಿ" ಎಂದಳು.

ಬ್ಯಾರಿ ಗೆಳತಿಯ ಕ್ಷಮೆ ಕೇಳಲು ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಒಂದೇ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದೆವು, ಮಾತು ಪುನಃ ಆರಂಭವಾಗಿತ್ತು, ಆ ಮಾತನ್ನು ಮಾತ್ರ ಇಬ್ಬರೂ ಎತ್ತಿರಲಿಲ್ಲ. ಕೊನೆಗೊಂದು ದಿನ ಮಂಗಳೂರಿನ ಬಸ್ ನಿಲ್ದಾಣದಲ್ಲಿ ಮಕ್ಕಳೊಡನೆ ನಿಂತಿದ್ದಳು. ಹೇಳಿಯೇಬಿಟ್ಟೆನು. ಅವಳಿಗೆ ಬೆಂಚು ಬದಲಾಯಿಸಿದ್ದು ನೆನಪೇ ಇರಲಿಲ್ಲ! ಆದರೆ, "ಬೆರಳ ಸಂದಿ ಒರಸಿಕೋ, ಅಕ್ಷರ ದೊಡ್ಡದಾಗಿ ಬರೆ" ಎಂದು ಅಮ್ಮನ ಸ್ವರವನ್ನು ಹಾಗೆಯೇ ಅನುಕರಿಸಿ ಹೇಳಿ, ತನ್ನ ಮಕ್ಕಳಿಗೂ ಅದನ್ನೇ ಹೇಳುತ್ತೇನೆಂದು ನಕ್ಕಳು. ಕ್ಯಾಸೆಟ್ಟಿನ ನಾಡೆ ಯಾವಾಗಲೋ ಹಾಳಾಗಿಹೋಗಿದೆ. ಅಮ್ಮನೂ ಇಲ್ಲ. ಆ ಅರ್ಧ ಗಂಟೆ ಪೂರ್ತಿಯಾಗಿ ಬಾಯಿಪಾಠವಿರುವುದು ಈಗ ಅವಳಿಗೆ ಮಾತ್ರ.

ಮರಳಿ ನಮ್ಮ ಎಂಟನೆಯ ತರಗತಿಯ ಹುಡುಗಿಯ ವಿಷಯ. ಮರುದಿನ ನಾನು ಅಡಿಗೆಮನೆಗೆ ಹೋಗಿ ವಿಚಾರಿಸಿದೆನು. ನಮ್ಮಲ್ಲಿ ಈಗ ಅಡಿಗೆಗೆ ಸಹಾಯಕ್ಕಿರುವವಳು ಬಾಗಲಕೋಟೆ ಕಡೆಯ ಹೆಂಗಸು. ತನ್ನ ಮಗನನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾಳೆ. ಈ ಸಂಗತಿ ಅವಳ ಸಂಬಳದ ಪಟ್ಟಿಗೆ ತಿಂಗಳು ತಿಂಗಳೂ ಸಹಿ ಹಾಕುತ್ತಿದ್ದ ನನಗೆ ತಿಳಿದಿರಲಿಲ್ಲ, ಹುಡುಗಿಗೆ ತಿಳಿದಿತ್ತು. ಇವಳ ತುಳು ಅವಳಿಗೆ ಅರ್ಥವಾಗದು, ಅವಳ ಕನ್ನಡ ಇವಳಿಗೆ ಅರ್ಧ ಅರ್ಥವಾಗುವುದು. "ಪಾಪ, ಸುಮ್ನ ಬಂದು ಕುಂದರ್ತಾಳ್ರೀ ಟೀಚರ್. ರೊಟ್ಟಿ ಬಡಿಯೋದು ಕಲಿಸೇನಿ. ದುಂಡಗ ಬರಂಗಿಲ್ಲ" ಎಂದಳು.

ಆಡಳಿತ ಮಂಡಲಿಯ ಸಭೆಯಲ್ಲಿ ಬೆಂಕಿ ಮತ್ತು ಗ್ಯಾಸಿನ ಭಯವನ್ನು ಕುರಿತು ಬಹಳ ಹೊತ್ತು ಚರ್ಚೆಯಾಯಿತು. ಭಯ ನ್ಯಾಯವಾದುದೇ. ಸುಟ್ಟ ಕೈಯನ್ನು ನೋಡಿದವಳು ನಾನು. ಕಡೆಗೆ, ಒಲೆಯಿಂದ ದೂರವಾಗಿ ಹಿಂಬಾಗಿಲ ಜಗಲಿಯಲ್ಲಿ ಸಂಜೆ ಐದರಿಂದ ಏಳರವರೆಗೆ ಹುಡುಗಿಯರು ಕುಳಿತಿರಬಹುದೆಂದು ಗೋಡೆಯ ಕಾಗದದಲ್ಲಿ ಒಂದು ಸಾಲು ಸೇರಿಸಿದೆನು. ಜಗಲಿಗೆ ಒಂದು ಹಲಗೆಯನ್ನೂ ಒಂದು ದೀಪವನ್ನೂ ಹಾಕಿಸಿಕೊಟ್ಟೆವು. ಯುದ್ಧ ನಿಂತ ಮೇಲೂ ಆ ಹುಡುಗಿ ಅಲ್ಲಿಗೆ ಹೋಗುವುದನ್ನು ಬಿಟ್ಟಿಲ್ಲ. ಅವಳ ತಾಯಿ ರಜೆಯಲ್ಲಿ ಬರುವವಳಿದ್ದಾಳೆ. ಆ ದಿನ ಅಂಗಳದಲ್ಲಿ ಏನಾಗುವುದೋ ಎಂದು ನನಗೆ ಒಳಗೊಳಗೇ ಅಳುಕಿದೆ.

ನಿನ್ನೆ ಸಂಜೆ ಲೆಕ್ಕಪತ್ರ ಮುಗಿಸಿ ಆ ದಾರಿಯಾಗಿ ಬಂದೆನು. ಜಗಲಿಯಲ್ಲಿ ಇಬ್ಬರಿಗೂ ಜಗಳ ನಡೆಯುತ್ತಿತ್ತು. ರೊಟ್ಟಿಯ ಹಿಟ್ಟಿಗೆ ನೀರು ಹೆಚ್ಚಾಯಿತೆಂದು ಅವಳು, ಇಲ್ಲವೆಂದು ಇವಳು. ನನ್ನನ್ನು ಕಂಡರೆ ಎದ್ದು ನಿಲ್ಲುವರು. ನಾನು ಬಾವಿಕಟ್ಟೆಯನ್ನು ಸುತ್ತಿಕೊಂಡು ಬೇರೆ ದಾರಿಯಿಂದ ಕೋಣೆಗೆ ಹೋದೆನು.